ಡಾಕ್ಟರ್ ಆಲ್ಬರ್ಟ್ ಶ್ವೈಟ್ಜರ್

ಧರ್ಮವನ್ನು ನಂಬುವವರು ವಿಜ್ಞಾನವನ್ನು ಅನುಮಾನದಿಂದ ನೋಡುವುದೂ, ವಿಜ್ಞಾನವನ್ನು ಕಲಿತವರು ಧರ್ಮವನ್ನು ಹಳೆಯ ಸಾಮಾನೆಂದು ಅಟ್ಟಕ್ಕೇರಿಸುವುದೂ ಲೋಕದಲ್ಲಿ ಹೊಸದಲ್ಲ. ಇವೆರಡರ ಜಗಳ ಸಾಗಿರುವಾಗಲೇ ಮೂರನೆಯದೊಂದು ಸಂಕಟ ನಮ್ಮ ಕಾಲದಲ್ಲಿ ಬೆಳೆದು ನಿಂತಿದೆ. ನದಿಯ ನೀರು ಕೆಡುತ್ತಿದೆ, ಕಾಡು ಕುಗ್ಗುತ್ತಿದೆ, ಭೂಮಿಯೇ ಬಿಸಿಯೇರುತ್ತಿದೆ. ಇದರ ಹೊಣೆಯನ್ನು ಕೆಲವರು ವಿಜ್ಞಾನದ ಮೇಲೆ ಹೊರಿಸುತ್ತಾರೆ, ಕೆಲವರು ಧರ್ಮದ ಮೇಲೆ. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕೆಯ ಇತಿಹಾಸಕಾರರು ಒಂದು ಲೇಖನ ಬರೆದು, ಪಶ್ಚಿಮದ ಕ್ರೈಸ್ತ ಮತವು ಮನುಷ್ಯನನ್ನು ಸೃಷ್ಟಿಗೆ ಒಡೆಯನೆಂದು ಬೋಧಿಸಿದುದೇ ಈ ಸಂಕಟದ ಬೇರೆಂದು ವಾದಿಸಿದರು. ಆ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಆ ಲೇಖನಕ್ಕೆ ಎರಡು ವರ್ಷ ಹಿಂದೆ ತೀರಿಕೊಂಡ ಒಬ್ಬರು ಕ್ರೈಸ್ತ ಧರ್ಮಬೋಧಕರೂ ಆಗಿದ್ದರು, ವೈದ್ಯರೂ ಆಗಿದ್ದರು. ಮನುಷ್ಯನ ಈ ಒಡೆತನದ ಗರ್ವವನ್ನು ಅವರು ಐವತ್ತು ವರ್ಷ ಮೊದಲೇ ಗುರುತಿಸಿ, ಅದಕ್ಕೆ ತಮ್ಮ ಬಾಳಿನಿಂದಲೇ ಉತ್ತರ ಹುಡುಕಿದ್ದರು. ಆ ಮಹನೀಯರ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ.

ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಆಲ್ಸಾಸ್ ಎಂಬ ಗಡಿನಾಡಿದೆ. 1871ರ ಯುದ್ಧದ ತರುವಾಯ ಅದು ಜರ್ಮನಿಯ ಪಾಲಾಗಿತ್ತು. ಈಗ ಫ್ರಾನ್ಸಿಗೆ ಸೇರಿದೆ. ಆ ನಾಡಿನ ಕೈಸರ್ಸ್‌ಬರ್ಗ್ ಎಂಬ ಊರಿನಲ್ಲಿ 1875ನೆಯ ಇಸವಿ ಜನವರಿ 14ರಂದು ಆಲ್ಬರ್ಟ್ ಶ್ವೈಟ್ಜರ್ ಜನಿಸಿದರು. ತಂದೆ ಪ್ರಾಟೆಸ್ಟೆಂಟ್ ಪಂಥದ ಪಾದ್ರಿ. ಮಗು ಹುಟ್ಟಿದ ವರ್ಷವೇ ತಂದೆಗೆ ಗುನ್ಸ್‌ಬಾಖ್ ಎಂಬ ಹಳ್ಳಿಗೆ ವರ್ಗವಾಯಿತು. ಆ ಹಳ್ಳಿಯಲ್ಲಿ ಪ್ರಾಟೆಸ್ಟೆಂಟರಿಗೂ ಕ್ಯಾಥೊಲಿಕರಿಗೂ ಇದ್ದುದು ಒಂದೇ ದೇವಾಲಯ. ಒಬ್ಬರ ಪೂಜೆ ಮುಗಿದ ಮೇಲೆ ಇನ್ನೊಬ್ಬರದು ನಡೆಯುತ್ತಿತ್ತು. ಹಾಗೆಯೇ ಆ ನಾಡಿನ ಮಕ್ಕಳ ಕಿವಿಗೆ ಎರಡು ಭಾಷೆಗಳು ಒಟ್ಟಿಗೆ ಬೀಳುತ್ತಿದ್ದವು. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಎಂಬ ಬಾಳು ನಮ್ಮ ಶಾಲೆಯ ಬಾಲಕ ಬಾಲಿಕೆಯರಿಗೆ ಹೊಸತೇನೂ ಅಲ್ಲವಷ್ಟೆ!

ಬಾಲಕ ಆಲ್ಬರ್ಟನಿಗೆ ಒಂದು ಸಂಗತಿ ಅರ್ಥವಾಗುತ್ತಿರಲಿಲ್ಲ. ರಾತ್ರಿ ಮಲಗುವ ಮುನ್ನ ತಾಯಿ ಹೇಳಿಕೊಡುವ ಪ್ರಾರ್ಥನೆಯಲ್ಲಿ ಮನುಷ್ಯರ ಹೆಸರು ಮಾತ್ರ ಬರುವುದೇಕೆ? ತಾಯಿ ಮುತ್ತಿಟ್ಟು ಹೋದ ಮೇಲೆ ಅವನು ಗುಟ್ಟಾಗಿ, ಉಸಿರಾಡುವ ಸಕಲ ಜೀವಿಗಳನ್ನೂ ಕಾಪಾಡೆಂದು ತನ್ನದೇ ಪ್ರಾರ್ಥನೆಯೊಂದನ್ನು ಸೇರಿಸಿಕೊಳ್ಳುತ್ತಿದ್ದನು. ಏಳೆಂಟು ವರ್ಷದವನಾಗಿದ್ದಾಗ ಗೆಳೆಯನೊಬ್ಬನು ರಬ್ಬರಿನ ಕವಣೆ ಹಿಡಿದು ಹಕ್ಕಿ ಹೊಡೆಯಲು ಕರೆದನು. ಗೆಳೆಯನು ನಕ್ಕಾನೆಂಬ ಅಂಜಿಕೆಯಿಂದ ಆಲ್ಬರ್ಟನು ಹೋದನು. ಕವಣೆಗೆ ಕಲ್ಲನ್ನೂ ಹೂಡಿದನು. ಎಲೆಯಿಲ್ಲದ ಮರದ ಮೇಲೆ ಹಕ್ಕಿಗಳು ಹಾಡುತ್ತಿದ್ದವು. ಅಷ್ಟರಲ್ಲಿ ಊರ ದೇವಾಲಯದ ಗಂಟೆ ಬಾರಿಸಿತು. ಬಾಲಕನು ಕವಣೆಯನ್ನು ಎಸೆದು, ಕೂಗಿ ಹಕ್ಕಿಗಳನ್ನೆಲ್ಲ ಹಾರಿಸಿಬಿಟ್ಟು, ಮನೆಗೆ ಓಡಿದನು. ಕೊಲ್ಲಬಾರದೆಂಬ ಧರ್ಮಾಜ್ಞೆ ಮನಸ್ಸಿನೊಳಗಿಳಿದುದು ಆ ದಿನವೇ ಎಂದು ಮುಂದೆ ಅವರು ಬರೆದುಕೊಂಡಿದ್ದಾರೆ. ನಗುವವರ ಅಂಜಿಕೆಯೂ ಆ ದಿನದಿಂದಲೇ ಹೋಯಿತಂತೆ.

ಮುಂದಿನ ವಿದ್ಯಾಭ್ಯಾಸವನ್ನು ಸಂಕ್ಷೇಪವಾಗಿ ಹೇಳುವುದು ಕಷ್ಟ. ಏಕೆಂದರೆ ಮೂವರ ಪಾಲಿನ ವಿದ್ಯೆಯನ್ನು ಅವರೊಬ್ಬರೇ ಕಲಿತರು. ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಓದಿ 1899ರಲ್ಲಿ ಪಂಡಿತ ಪದವಿ ಪಡೆದರು. ಪ್ಯಾರಿಸ್ಸಿನಲ್ಲಿ ವಿಡೋರ್ ಎಂಬ ಹೆಸರಾಂತ ಗುರುಗಳಲ್ಲಿ ಆರ್ಗನ್ ವಾದ್ಯವನ್ನು ಅಭ್ಯಾಸಮಾಡಿದರು. ಸಂಗೀತಗಾರ ಬಾಖರನ್ನು ಕುರಿತ ಅವರ ಗ್ರಂಥ 1905ರಲ್ಲಿಯೂ, ಏಸುವಿನ ಐತಿಹಾಸಿಕ ಜೀವನವನ್ನು ಕುರಿತ ಗ್ರಂಥ 1906ರಲ್ಲಿಯೂ ಹೊರಬಂದವು. ಮೂವತ್ತರ ಹರೆಯದಲ್ಲಿ ಯೂರೋಪಿನ ಪಂಡಿತರು ಅವರನ್ನು ತಲೆಯೆತ್ತಿ ನೋಡುತ್ತಿದ್ದರು.

ಆದರೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಅವರು ಒಂದು ಸಂಕಲ್ಪ ಮಾಡಿಕೊಂಡಿದ್ದರು. ತನಗೆ ಇಷ್ಟು ಸುಖ ದೊರೆತಿರುವಾಗ ಅದನ್ನು ಪುಕ್ಕಟೆಯಾಗಿ ಅನುಭವಿಸುವುದು ಸರಿಯಲ್ಲ. ಮೂವತ್ತು ವರ್ಷ ತುಂಬುವವರೆಗೆ ವಿದ್ಯೆಗೂ ಕಲೆಗೂ ಬಾಳುವುದು, ಅನಂತರ ಕಷ್ಟದಲ್ಲಿರುವವರ ಸೇವೆಗೆ ನಿಲ್ಲುವುದು ಎಂಬುದೇ ಆ ಸಂಕಲ್ಪ. 1904ರಲ್ಲಿ ಆಫ್ರಿಕದ ಗಬೋನ್ ಪ್ರಾಂತದಲ್ಲಿ ವೈದ್ಯರ ಅಭಾವವಿದೆಯೆಂಬ ಬರಹ ಅವರ ಕಣ್ಣಿಗೆ ಬಿತ್ತು. 1905ರ ಅಕ್ಟೋಬರ್ 13ರಂದು ಬಂಧುಮಿತ್ರರಿಗೆ ಕಾಗದ ಬರೆದು, ತಾವು ವೈದ್ಯವಿದ್ಯೆ ಕಲಿತು ಆಫ್ರಿಕಕ್ಕೆ ಹೋಗುವುದಾಗಿ ತಿಳಿಸಿದರು. ಎಲ್ಲರೂ ವಿರೋಧಿಸಿದರು. ವೈದ್ಯ ವಿಭಾಗದ ಮುಖ್ಯಸ್ಥರಿಗೋ, ಈ ಪ್ರಾಧ್ಯಾಪಕರನ್ನು ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳುವುದಕ್ಕಿಂತ ಮನೋರೋಗದ ವೈದ್ಯರಿಗೆ ಒಪ್ಪಿಸುವುದು ಲೇಸೆನಿಸಿತಂತೆ.

ಅಲ್ಲಿಂದ ಏಳು ವರ್ಷಗಳ ಕಠಿನ ಅಧ್ಯಯನ. ಇಲ್ಲಿ ನಾವು ತುಸು ನಿಲ್ಲಬೇಕು. ಧರ್ಮಬೋಧಕರೊಬ್ಬರು ರಸಾಯನ, ಪ್ರಾಣಿಶಾಸ್ತ್ರ, ಅಂಗರಚನಾಶಾಸ್ತ್ರಗಳ ತರಗತಿಯಲ್ಲಿ ಕುಳಿತಾಗ ಅವರ ನಂಬಿಕೆ ಅಲುಗಾಡಿತೆ? ಹಾಗಾಗಲಿಲ್ಲ. ಬಾಯಿಚಾತುರ್ಯದಿಂದ ಗೆಲ್ಲಬಹುದಾದ ವಾದಗಳ ಲೋಕವನ್ನು ಬಿಟ್ಟು, ಪ್ರತಿಯೊಂದನ್ನೂ ಪ್ರತ್ಯಕ್ಷವಾಗಿ ಸಾಧಿಸಿ ತೋರಿಸಬೇಕಾದ ಲೋಕಕ್ಕೆ ಬಂದುದು ತಮ್ಮ ಮನಸ್ಸಿಗೆ ಗಟ್ಟಿನೆಲ ಸಿಕ್ಕಂತಾಯಿತೆಂದು ಅವರು ಸಂತೋಷಪಟ್ಟರು. ವಿಚಾರವನ್ನು ಅವರು ಧರ್ಮದ ಶತ್ರುವೆಂದು ಎಂದೂ ಎಣಿಸಲಿಲ್ಲ. ಇದರಿಂದಾಗಿಯೇ ಪ್ಯಾರಿಸ್ಸಿನ ಮಿಷನರಿ ಸಂಘದವರಿಗೆ ಅವರ ವಿಷಯದಲ್ಲಿ ಅನುಮಾನ ಬಂದಿತು. ತಾನು ಉಪದೇಶ ಮಾಡುವುದಿಲ್ಲ, ವೈದ್ಯನಾಗಿ ಮಾತ್ರ ಇರುವೆನೆಂದು ಮಾತುಕೊಟ್ಟ ಮೇಲೆಯೇ ಅವರಿಗೆ ಒಪ್ಪಿಗೆ ದೊರೆಯಿತು.

1912ರಲ್ಲಿ ಹೆಲೆನ್ ಬ್ರೆಸ್ಲಾ ಎಂಬವರನ್ನು ಮದುವೆಯಾದರು. ಆಕೆ ಪತಿಯ ಕಾರ್ಯಕ್ಕೆ ನೆರವಾಗಲೆಂದೇ ದಾದಿಯ ಶಿಕ್ಷಣ ಪಡೆದಿದ್ದರು. 1913ರ ವಸಂತದಲ್ಲಿ ದಂಪತಿಗಳು ಒಗೊವೆ ನದಿಯ ದಂಡೆಯ ಲಾಂಬರೆನೆ ಎಂಬಲ್ಲಿಗೆ ಬಂದಿಳಿದರು. ಚಿಕಿತ್ಸಾಲಯದ ಕಟ್ಟಡ ಇನ್ನೂ ಆಗಿರಲಿಲ್ಲ. ಹಳೆಯದೊಂದು ಕೋಳಿಗೂಡನ್ನು ತೊಳೆದು ಸುಣ್ಣ ಬಳಿದು, ಅದರಲ್ಲಿಯೇ ರೋಗಿಗಳನ್ನು ನೋಡತೊಡಗಿದರು. ಮಲೇರಿಯ, ನಿದ್ರಾರೋಗ, ಕುಷ್ಠ, ರಕ್ತಭೇದಿ, ಕೊಳೆತ ಹುಣ್ಣುಗಳು — ದೋಣಿಗಳಲ್ಲಿ ನೂರಾರು ಮೈಲಿ ದೂರದಿಂದ ಜನರು ಬರುತ್ತಿದ್ದರು. ಮೊದಲ ಒಂಬತ್ತು ತಿಂಗಳಲ್ಲಿ ಸುಮಾರು 2,000 ಮಂದಿಗೆ ಚಿಕಿತ್ಸೆ ನಡೆಯಿತು.

ಅಷ್ಟರಲ್ಲಿ 1914ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾಯಿತು. ಗಬೋನ್ ಆಗ ಫ್ರೆಂಚರ ವಸಾಹತು. ಶ್ವೈಟ್ಜರರೋ ಜರ್ಮನ್ ಪ್ರಜೆ. ಹೀಗಾಗಿ ಮನೆಯಲ್ಲಿಯೇ ಅವರಿಗೆ ಕಾವಲು ಬಿದ್ದಿತು. ಕೈಗೆ ಬಿಡುವು ಸಿಕ್ಕಾಗ ಅವರು ಯೋಚನೆಗೆ ತೊಡಗಿದರು. ಇಷ್ಟೆಲ್ಲ ವಿದ್ಯೆ, ಯಂತ್ರ, ಸಂಪತ್ತುಗಳಿದ್ದ ಯೂರೋಪು ಏಕೆ ಹೀಗೆ ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿದೆ? ಮನುಷ್ಯನ ಶಕ್ತಿ ಬೆಳೆದಷ್ಟು ಅವನ ನೀತಿ ಬೆಳೆಯಲಿಲ್ಲವೆಂದು ಅವರಿಗೆ ತೋರಿತು. ಆ ನೀತಿಗೆ ತಳಹದಿ ಯಾವುದು? ತಿಂಗಳುಗಟ್ಟಲೆ ಹುಡುಕಿದರೂ ಉತ್ತರ ದೊರೆಯಲಿಲ್ಲ.

1915ರ ಸೆಪ್ಟೆಂಬರಿನಲ್ಲಿ, ಕಾಯಿಲೆ ಬಿದ್ದ ಮಿಷನರಿಯ ಪತ್ನಿಯೊಬ್ಬರನ್ನು ನೋಡಲು ಅವರು ನದಿಯ ಮೇಲೆ ಸುಮಾರು 200 ಕಿಲೋಮೀಟರ್ ದೂರ ಪ್ರಯಾಣ ಮಾಡಬೇಕಾಯಿತು. ಚಿಕ್ಕ ಉಗಿದೋಣಿಯು ಮರಳ ದಿಣ್ಣೆಗಳ ನಡುವೆ ದಾರಿ ಹುಡುಕುತ್ತ ನಿಧಾನವಾಗಿ ಸಾಗುತ್ತಿತ್ತು. ಮೂರನೆಯ ದಿನ ಸೂರ್ಯಾಸ್ತದ ಹೊತ್ತಿಗೆ ದೋಣಿಯು ನೀರ್ಗುದುರೆಗಳ ಹಿಂಡೊಂದರ ನಡುವೆ ಹಾದುಹೋಗುತ್ತಿದ್ದಾಗ, ಥಟ್ಟನೆ ಒಂದು ಪದ ಅವರ ಮನಸ್ಸಿನಲ್ಲಿ ಮೂಡಿತು. ಅದನ್ನು ನಾವು ಕನ್ನಡದಲ್ಲಿ ಜೀವಗೌರವ ಎನ್ನಬಹುದು. ಬಾಳಬೇಕೆಂಬ ಆಸೆ ನನ್ನಲ್ಲಿದೆ. ಸುತ್ತಲಿನ ಪ್ರತಿಯೊಂದು ಜೀವದಲ್ಲಿಯೂ ಅದೇ ಆಸೆಯಿದೆ. ಇದನ್ನು ಅರಿತವನು ಜೀವವನ್ನು ಉಳಿಸುವುದು ಒಳ್ಳೆಯದು, ಕೆಡಿಸುವುದು ಕೆಟ್ಟದ್ದು ಎಂದು ತಿಳಿದುಕೊಳ್ಳುತ್ತಾನೆ. ಬಾಲ್ಯದ ಗುಟ್ಟಿನ ಪ್ರಾರ್ಥನೆ ನಲವತ್ತನೆಯ ವಯಸ್ಸಿನಲ್ಲಿ ತತ್ತ್ವವಾಗಿ ನಿಂತಿತೆಂದು ನಮಗೆ ತೋರುತ್ತದೆ.

ಮುಂದೆ ಅವರನ್ನು ಸೆರೆಯಾಳಾಗಿ ಫ್ರಾನ್ಸಿಗೆ ಒಯ್ದರು, 1918ರಲ್ಲಿ ಬಿಡುಗಡೆಯಾಯಿತು. 1923ರಲ್ಲಿ ತಮ್ಮ ತತ್ತ್ವವನ್ನು ವಿವರಿಸುವ ಗ್ರಂಥಗಳನ್ನು ಪ್ರಕಟಿಸಿ, 1924ರಲ್ಲಿ ಲಾಂಬರೆನೆಗೆ ಹಿಂದಿರುಗಿದರು. ಅಲ್ಲಿ ಕಟ್ಟಡಗಳು ಪಾಳುಬಿದ್ದಿದ್ದವು. ಮರುವರ್ಷ ರಕ್ತಭೇದಿಯ ಪಿಡುಗೂ, ಅದರ ಜೊತೆಗೆ ಕ್ಷಾಮವೂ ಬಂದವು. ಆ ಕ್ಷಾಮಕ್ಕೆ ಅಕಾಲದ ಮಳೆ ಒಂದು ಕಾರಣ. ಇನ್ನೊಂದು ಕಾರಣ ಮರದ ವ್ಯಾಪಾರ. ಯೂರೋಪಿಗೆ ಸಾಗಿಸುವ ದಿಮ್ಮಿಗಳಿಗಾಗಿ ಕಾಡು ಕಡಿಯಲು ಹೋದ ಹಳ್ಳಿಗರು ತಮ್ಮ ತೋಟಗಳನ್ನು ಬಿಟ್ಟಿದ್ದರು. ಕೂಲಿಯ ಹಣದಿಂದ ಹೊರಗಿನ ಅಕ್ಕಿ ಕೊಂಡು ಉಣ್ಣುತ್ತಿದ್ದರು. ಅಕ್ಕಿ ಬಾರದಿದ್ದಾಗ ಹೊಟ್ಟೆಗಿಲ್ಲವಾಯಿತು. ಕಾಡು ಹೋದೆಡೆ ಅನ್ನವೂ ಹೋಗುವ ಬಗೆಯನ್ನು ಅವರು ಕಣ್ಣಾರೆ ಕಂಡರು. ಆಸ್ಪತ್ರೆಯನ್ನು ನದಿಯ ಮೇಲುಗಡೆಗೆ ಮೂರು ಕಿಲೋಮೀಟರ್ ದೂರದ ವಿಶಾಲ ಜಾಗಕ್ಕೆ ಒಯ್ಯುವುದೆಂದು ನಿಶ್ಚಯಿಸಿ, ತಾವೇ ಮೇಸ್ತ್ರಿಯಾಗಿ ನಿಂತು, ತೋಟಗಳನ್ನೂ ಬೆಳೆಸಿದರು. 1927ರಲ್ಲಿ ರೋಗಿಗಳು ಹೊಸ ಜಾಗಕ್ಕೆ ಬಂದರು.

ಆ ಕಟ್ಟಡ ಕಟ್ಟುವಾಗಿನ ಸಂಗತಿಗಳು ಕೇಳುವಂತಿವೆ. ಕಂಬ ನಿಲ್ಲಿಸಲು ತೋಡಿದ ಗುಂಡಿಯಲ್ಲಿ ಇರುವೆ ಕಪ್ಪೆಗಳು ಬಿದ್ದಿದ್ದರೆ ಅವನ್ನು ಕೈಯಿಂದ ಎತ್ತಿ ಹೊರಗೆ ಬಿಟ್ಟ ಮೇಲೆಯೇ ಕಂಬವನ್ನು ಇಳಿಸಬೇಕು. ಎಣ್ಣೆತಾಳೆಯ ಎಳೆಯ ಮರಗಳು ಅಡ್ಡ ಬಂದರೆ ಕಡಿಯದೆ, ಬೇರುಸಹಿತ ಅಗೆದು ಹೊತ್ತೊಯ್ದು ಬೇರೆಡೆ ನೆಡಬೇಕು. ಪ್ರಾಣಿಗಳಿಗೆ ದಯೆ ತೋರುವುದು ಕೂಲಿಗಳಿಗೆ ತಿಳಿಯಿತು. ಮರಕ್ಕೂ ದಯೆ ತೋರಿ ಅದರ ಭಾರವನ್ನು ಹೆಗಲ ಮೇಲೆ ಹೊರುವುದು ಮಾತ್ರ ಅವರಿಗೆ ವಿಪರೀತವೆನಿಸಿತು. ಭಾರ ಹೊತ್ತವರು ಅವರಲ್ಲವೆ!

ಹಾಗಾದರೆ ಈ ತತ್ತ್ವವು ಯಾವುದನ್ನೂ ಕೊಲ್ಲಬಾರದೆಂಬ ಕಟ್ಟಳೆಯೆ? ಅಲ್ಲ. ವೈದ್ಯನು ರೋಗಿಯನ್ನು ಉಳಿಸಬೇಕಾದರೆ ಕೋಟ್ಯಂತರ ರೋಗಾಣುಗಳನ್ನು ಕೊಲ್ಲಲೇಬೇಕು. ಒಮ್ಮೆ ಕೆಲವರು ಹಿಡಿದಿದ್ದ ಮೀನುಗಿಡುಗದ ಮರಿಯನ್ನು ಶ್ವೈಟ್ಜರರು ಹಣ ಕೊಟ್ಟು ಬಿಡಿಸಿಕೊಂಡರು. ಅದು ಬದುಕಬೇಕಾದರೆ ದಿನದಿನವೂ ಮೀನುಗಳು ಸಾಯಬೇಕು. ಮೀನು ಬದುಕಬೇಕಾದರೆ ಮರಿ ಉಪವಾಸ ಸಾಯಬೇಕು. ಅವರು ಮರಿಯನ್ನು ಉಳಿಸಿದರು. ಆದರೆ ದಿನವೂ ಮೀನು ಕೊಡುವಾಗ ಈ ಸಾವಿಗೆ ತಾನು ಹೊಣೆಯೆಂಬ ನೋವನ್ನು ಬಿಡಲಿಲ್ಲ. ಹಸುವಿನ ಮೇವಿಗೆ ಹೊಲದ ಸಾವಿರ ಹೂಗಳನ್ನು ಕೊಯ್ದ ರೈತನು ಮನೆಗೆ ಮರಳುವಾಗ ದಾರಿಯ ಬದಿಯ ಒಂದು ಹೂವನ್ನು ಸುಮ್ಮನೆ ಕುಡುಗೋಲಿನಿಂದ ಕಡಿಯಬಾರದೆಂಬುದು ಅವರ ನಿಲುವು. ಅಗತ್ಯ ಎಲ್ಲಿ ಮುಗಿಯಿತು, ಉದಾಸೀನ ಎಲ್ಲಿ ಮೊದಲಾಯಿತು ಎಂಬುದನ್ನು ಪ್ರತಿ ಸಲವೂ ಪ್ರತಿಯೊಬ್ಬನೂ ತಾನೇ ತೀರ್ಮಾನಿಸಬೇಕು. ಇದು ಸುಲಭದ ಧರ್ಮವಲ್ಲ. ನಿಯಮಗಳ ಪಟ್ಟಿಯೊಂದನ್ನು ಪಾಲಿಸಿ ನಿಶ್ಚಿಂತರಾಗುವುದು ಇದಕ್ಕಿಂತ ಹಗುರವಾದ ಕೆಲಸ.

ನಮ್ಮ ದೇಶದ ಅಹಿಂಸಾತತ್ತ್ವವನ್ನು ಅವರು ಅರಿಯದೆ ಇರಲಿಲ್ಲ. 1935ರಲ್ಲಿ ಭಾರತೀಯ ಚಿಂತನೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಕೊಲ್ಲದಿರುವ ವ್ರತವನ್ನು ಜೈನರು ಸ್ಪಷ್ಟವಾಗಿ ಸಾರಿದುದು ಮನುಕುಲದ ಆಧ್ಯಾತ್ಮಿಕ ಇತಿಹಾಸದ ಮಹತ್ತರ ಘಟನೆಗಳಲ್ಲಿ ಒಂದೆಂದು ಅದರಲ್ಲಿ ಕೊಂಡಾಡಿದರು. ಶ್ರವಣಬೆಳಗೊಳದ ಬೆಟ್ಟವನ್ನು ಕಂಡ ಕನ್ನಡ ಮಕ್ಕಳಿಗೆ ಇದು ಹೆಮ್ಮೆಯ ವಿಷಯ. ಆದರೆ ಆ ವ್ರತವು ದಯೆಗಿಂತ ಹೆಚ್ಚಾಗಿ ತಾನು ಮಲಿನವಾಗದಿರಬೇಕೆಂಬ ಆಸೆಯಿಂದ, ಲೋಕದಿಂದ ದೂರ ಸರಿಯುವ ಮನೋಭಾವದಿಂದ ಹುಟ್ಟಿತೆಂದೂ ಅವರು ಹೇಳಿದರು. ಡಾ. ರಾಧಾಕೃಷ್ಣನ್ ಅವರು 1939ರ ತಮ್ಮ ಗ್ರಂಥದಲ್ಲಿ ಇಂಥ ವಿಮರ್ಶೆಗೆ ಸಮರ್ಥವಾದ ಉತ್ತರ ಕೊಟ್ಟಿದ್ದಾರೆ. ಶ್ವೈಟ್ಜರರು ಭಾರತವನ್ನು ಪುಸ್ತಕಗಳ ಮೂಲಕ ಕಂಡವರು; ಅವರ ತೀರ್ಪನ್ನು ಪೂರ್ತಿಯಾಗಿ ಒಪ್ಪಲು ನಮಗೂ ಮನಸ್ಸಾಗದು.

1952ನೆಯ ವರ್ಷದ ನೊಬೆಲ್ ಶಾಂತಿ ಪಾರಿತೋಷಕ ಅವರಿಗೆ ಸಂದಿತು. ಆ ಹಣವನ್ನು ಕುಷ್ಠರೋಗಿಗಳ ವಸತಿಗೆ ವಿನಿಯೋಗಿಸಿದರು. ಎಂಬತ್ತರ ಸಮೀಪದಲ್ಲಿದ್ದ ಈ ಮುದುಕರು ಇನ್ನು ವಿಶ್ರಮಿಸಬಹುದಾಗಿತ್ತು. ಆದರೆ ಕಾಲವು ಅವರನ್ನು ಬಿಡಲಿಲ್ಲ.

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಸಿಡಿಸಿತು. ಅಲ್ಲಿಂದ ಬಹುದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯ ಮೇಲೆ ಬಿಳಿಯ ಬೂದಿ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು, ಒಬ್ಬರು ಅದೇ ವರ್ಷ ತೀರಿಕೊಂಡರು. ಇಂಥ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ನಮ್ಮ ಪ್ರಧಾನಿ ನೆಹರೂ ಅವರು 1954ರ ಏಪ್ರಿಲಿನಲ್ಲಿಯೇ ಕರೆಕೊಟ್ಟರು. ಶ್ವೈಟ್ಜರರು ಕೂಡಲೇ ಘೋಷಣೆ ಹೊರಡಿಸಲಿಲ್ಲ. ತಮಗೆ ತಿಳಿಯದ ವಿಷಯದಲ್ಲಿ ಧರ್ಮದ ಹೆಸರು ಹೇಳಿ ಮಾತನಾಡುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಕಾಡಿನ ಆಸ್ಪತ್ರೆಯಲ್ಲಿ ಕುಳಿತು, ಪರಮಾಣು ವಿಜ್ಞಾನವನ್ನು ಕುರಿತ ಬರಹಗಳನ್ನು ತರಿಸಿಕೊಂಡು, ದೀಪದ ಬೆಳಕಿನಲ್ಲಿ ಅಭ್ಯಾಸಮಾಡಿದರು. 1957ರ ಏಪ್ರಿಲ್ 23ರಂದು ಅವರ ವಿಜ್ಞಾಪನೆಯು ಓಸ್ಲೋ ಆಕಾಶವಾಣಿಯಿಂದ ಲೋಕಕ್ಕೆ ಕೇಳಿಸಿತು.

ಆ ವಿಜ್ಞಾಪನೆಯಲ್ಲಿ ಉಪದೇಶಕ್ಕಿಂತ ವಿಜ್ಞಾನವೇ ಹೆಚ್ಚು. ಬಾಂಬಿನಿಂದ ಹುಟ್ಟುವ ಸ್ಟ್ರಾನ್ಶಿಯಂ 90 ಎಂಬ ವಿಕಿರಣಶೀಲ ವಸ್ತುವು ಮಳೆಯೊಡನೆ ಹುಲ್ಲಿಗಿಳಿದು, ಹುಲ್ಲಿನಿಂದ ಹಸುವಿನ ಹಾಲಿಗೆ ಬಂದು, ಹಾಲಿನಿಂದ ಮಕ್ಕಳ ಎಲುಬಿಗೆ ಸೇರುವ ಬಗೆಯನ್ನು ಅವರು ವಿವರಿಸಿದರು. ಅಮೆರಿಕದ ಕೊಲಂಬಿಯ ನದಿಯ ಉದಾಹರಣೆಯನ್ನೂ ಕೊಟ್ಟರು. ಅದರ ದಂಡೆಯಲ್ಲಿ ಹ್ಯಾನ್‌ಫರ್ಡ್ ಪರಮಾಣು ಸ್ಥಾವರಗಳಿದ್ದವು. ನದಿಯ ನೀರನ್ನು ಪರೀಕ್ಷಿಸಿದರೆ ವಿಕಿರಣ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಆದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಲ್ಲಿ ಅದು 2,000 ಪಟ್ಟು. ಅವನ್ನು ತಿಂದ ಬಾತುಗಳಲ್ಲಿ 40,000 ಪಟ್ಟು. ನದಿಯ ಮೇಲಿನ ಹುಳುಗಳನ್ನು ತಾಯಿತಂದೆಗಳು ತಂದುಣಿಸಿದ ಹಕ್ಕಿಮರಿಗಳಲ್ಲಿ 5 ಲಕ್ಷ ಪಟ್ಟು. ನೀರುಹಕ್ಕಿಗಳ ಮೊಟ್ಟೆಯ ಹಳದಿಯಲ್ಲಿ 10 ಲಕ್ಷ ಪಟ್ಟಿಗೂ ಮೇಲು! ನೀರು ನಿರ್ಮಲವಾಗಿದೆಯೆಂದು ಅಳೆದು ಹೇಳಿದವರು ಸುಳ್ಳಾಡಿರಲಿಲ್ಲ. ಅವರು ಮೊಟ್ಟೆಯನ್ನು ನೋಡಿರಲಿಲ್ಲ, ಅಷ್ಟೆ. ಒಂದು ಜೀವವು ಇನ್ನೊಂದಕ್ಕೆ ಹೆಣೆದುಕೊಂಡಿದೆಯೆಂದು ನೀರ್ಗುದುರೆಗಳ ನಡುವೆ ಹೊಳೆದ ಸತ್ಯಕ್ಕೆ ಇಲ್ಲಿ ಅಂಕಿಗಳ ಸಾಕ್ಷಿ ದೊರೆತಂತಾಯಿತು.

ಅಮೆರಿಕದ ಪರಮಾಣು ಆಯೋಗದ ಸದಸ್ಯರೂ ವಿಜ್ಞಾನಿಯೂ ಆದ ಲಿಬ್ಬಿಯವರು ಬಹಿರಂಗ ಪತ್ರ ಬರೆದು, ಅಪಾಯ ಅತ್ಯಲ್ಪವೆಂದೂ ದೇಶರಕ್ಷಣೆಗಾಗಿ ಅದನ್ನು ಸಹಿಸಬೇಕೆಂದೂ ವಾದಿಸಿದರು. ಆದುದರಿಂದ ಈ ಜಗಳವನ್ನು ಧರ್ಮಕ್ಕೂ ವಿಜ್ಞಾನಕ್ಕೂ ನಡೆದ ಜಗಳವೆನ್ನಲಾಗದು. ವಿಜ್ಞಾನ ಎರಡು ಕಡೆಯೂ ಇತ್ತು. ಎಷ್ಟು ಮಂದಿಗೆ ಹಾನಿಯಾದೀತೆಂದು ಒಬ್ಬರು ಲೆಕ್ಕ ಹಾಕಿದರು. ಆ ಹಾನಿಯನ್ನು ಹುಟ್ಟದ ಮಕ್ಕಳ ಮೇಲೆ ಹೊರಿಸಲು ನಮಗೆ ಅಧಿಕಾರ ಕೊಟ್ಟವರಾರೆಂದು ಇನ್ನೊಬ್ಬರು ಕೇಳಿದರು. 1958ರಲ್ಲಿ ಶ್ವೈಟ್ಜರರು ಇನ್ನೂ ಮೂರು ಭಾಷಣಗಳನ್ನು ಕಳುಹಿಸಿದರು. ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಹಾಕಿ ಪರೀಕ್ಷಿಸುವ ಕಾರ್ಯ ಮೊದಲಾಯಿತು. ಹಲ್ಲುಗಳಲ್ಲಿ ಸ್ಟ್ರಾನ್ಶಿಯಂ ಏರುತ್ತಿರುವುದು ಸಿದ್ಧವಾಯಿತು. 1963ರ ಆಗಸ್ಟ್ 5ರಂದು ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್‌ಗಳು ಗಾಳಿಯಲ್ಲಿಯೂ ನೀರಿನಲ್ಲಿಯೂ ಅಂತರಿಕ್ಷದಲ್ಲಿಯೂ ಬಾಂಬು ಸಿಡಿಸುವುದಿಲ್ಲವೆಂಬ ಒಪ್ಪಂದಕ್ಕೆ ಸಹಿಹಾಕಿದವು. ನೆಲದಡಿಯ ಪರೀಕ್ಷೆಗಳು ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು.

ಕೀಟನಾಶಕಗಳ ವಿಷಯದಲ್ಲಿಯೂ ಅವರ ಕಣ್ಣು ಎಚ್ಚರವಾಗಿತ್ತು. ವಿಷದ ಸಿಂಪಡಣೆಯಿಂದ ತನ್ನ ಜೇನ್ನೊಣಗಳನ್ನು ಕಳೆದುಕೊಂಡ ರೈತನೊಬ್ಬನಿಗೆ ಅವರು ಮರುಗಿ ಪತ್ರ ಬರೆದಿದ್ದರು. ಮುಂದಾಗುವುದನ್ನು ಊಹಿಸಿ ಮೊದಲೇ ತಡೆಯುವ ಶಕ್ತಿಯನ್ನು ಮನುಷ್ಯನು ಕಳೆದುಕೊಂಡಿದ್ದಾನೆಂಬ ಅವರ ಅಭಿಪ್ರಾಯವು ಅಮೆರಿಕದ ಜೀವವಿಜ್ಞಾನಿ ರೇಚಲ್ ಕಾರ್ಸನ್ ಅವರ ಮನಸ್ಸನ್ನು ತಟ್ಟಿತು. ಕಾರ್ಸನ್ನರು ಆಗ ಡಿ.ಡಿ.ಟಿ. ಎಂಬ ಕೀಟನಾಶಕದ ಪರಿಣಾಮವನ್ನು ಅಭ್ಯಾಸಮಾಡುತ್ತಿದ್ದರು. ಡಿ.ಡಿ.ಟಿ.ಯನ್ನು ನಾವು ಸುಮ್ಮನೆ ನಿಂದಿಸಲಾಗದು. ಸೊಳ್ಳೆಗಳನ್ನೂ ಹೇನುಗಳನ್ನೂ ಕೊಂದು ಅದು ಅಸಂಖ್ಯ ಪ್ರಾಣಗಳನ್ನು ಉಳಿಸಿತ್ತು, ಅದರ ಗುಣವನ್ನು ಕಂಡುಹಿಡಿದ ಪೌಲ್ ಮುಲ್ಲರರಿಗೆ 1948ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತ್ತು. ಆದರೆ ಎಲ್ಮ್ ಮರಗಳ ರೋಗ ತಡೆಯಲು ಅದನ್ನು ಸಿಂಪಡಿಸಿದಾಗ ಉದುರಿದ ಎಲೆಗಳನ್ನು ಎರೆಹುಳುಗಳು ತಿಂದವು. ಎರೆಹುಳುಗಳನ್ನು ತಿಂದ ರಾಬಿನ್ ಹಕ್ಕಿಗಳು ಸತ್ತುಬಿದ್ದವು. ಕೊಲಂಬಿಯ ನದಿಯ ಕಥೆಯೇ ಮರಳಿ ಬಂದಂತಾಯಿತು. 1962ರಲ್ಲಿ ಹೊರಬಂದ ತಮ್ಮ ಮೌನ ವಸಂತ ಎಂಬ ಗ್ರಂಥವನ್ನು ಕಾರ್ಸನ್ನರು ಶ್ವೈಟ್ಜರರಿಗೆ ಅರ್ಪಿಸಿದರು. ಲೋಕದ ಪರಿಸರ ಚಳವಳಿಗೆ ಆ ಗ್ರಂಥವೇ ನಾಂದಿಯಾಯಿತೆಂದು ಹಲವರು ಹೇಳುತ್ತಾರೆ. 1972ರಲ್ಲಿ ಅಮೆರಿಕವು ಹೊಲಗದ್ದೆಗಳಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು ನಿಷೇಧಿಸಿತು.

ಶ್ವೈಟ್ಜರರಲ್ಲಿ ದೋಷಗಳಿರಲಿಲ್ಲವೆಂದು ಹೇಳಿದರೆ ಅದು ಚರಿತ್ರೆಯಾಗದೆ ಸ್ತೋತ್ರವಾದೀತು. ಆಫ್ರಿಕದವರು ತಮಗೆ ತಮ್ಮಂದಿರು, ತಾವು ಅವರಿಗೆ ಅಣ್ಣ ಎಂಬ ಭಾವನೆ ಅವರನ್ನು ಬಿಡಲಿಲ್ಲ. ತಮ್ಮನೂ ಬೆಳೆದು ಸಮಾನನಾಗುತ್ತಾನೆಂಬುದನ್ನು ಅವರು ತಡವಾಗಿಯೂ ಒಪ್ಪಿದಂತೆ ಕಾಣುವುದಿಲ್ಲ. ಆಫ್ರಿಕದ ತರುಣರನ್ನು ವೈದ್ಯರನ್ನಾಗಿ ತರಬೇತು ಮಾಡುವ ಕೆಲಸಕ್ಕೆ ಅವರು ಕೈಹಾಕಲಿಲ್ಲ. ಆಸ್ಪತ್ರೆಯನ್ನು ಹಳೆಯ ರೀತಿಯಲ್ಲಿಯೇ ಇಟ್ಟುಕೊಂಡರೆಂದು ಹೊಸ ತಲೆಮಾರಿನ ವೈದ್ಯರು ಆಕ್ಷೇಪಿಸಿದರು. 1960ರಲ್ಲಿ ಗಬೋನ್ ಸ್ವತಂತ್ರವಾದ ಮೇಲೆ ಈ ಟೀಕೆ ಇನ್ನೂ ಬಲಗೊಂಡಿತು. ಎಲ್ಲ ಜೀವಗಳನ್ನೂ ಗೌರವಿಸಬೇಕೆಂದವರಿಗೆ ಪಕ್ಕದ ಮನುಷ್ಯನ ಸ್ವಾಭಿಮಾನ ಪೂರ್ತಿಯಾಗಿ ಕಾಣದೆ ಹೋದುದು ನಮ್ಮನ್ನು ನೋಯಿಸುತ್ತದೆ.

1957ರಲ್ಲಿ ಹೆಲೆನ್ ತೀರಿಕೊಂಡಿದ್ದರು. 1965ರ ಸೆಪ್ಟೆಂಬರ್ 4ರಂದು, ತೊಂಬತ್ತು ವರ್ಷ ತುಂಬಿದ್ದ ಶ್ವೈಟ್ಜರರು ಲಾಂಬರೆನೆಯಲ್ಲಿಯೇ ಕಣ್ಣುಮುಚ್ಚಿದರು. ಒಗೊವೆ ನದಿಯ ದಂಡೆಯಲ್ಲಿ ಅವರ ಸಮಾಧಿಯಿದೆ. ಅದರ ಮೇಲಿರುವುದು ಅವರು ತಮ್ಮ ಕೈಯಿಂದಲೇ ಮಾಡಿದ ಮರದ ಶಿಲುಬೆ. 1981ರಲ್ಲಿ ಹಳೆಯ ಕಟ್ಟಡಗಳ ಸಮೀಪ ಹೊಸ ಆಸ್ಪತ್ರೆ ತೆರೆಯಿತು. ಅದೇ ವರ್ಷ ಸಂಶೋಧನ ಕೇಂದ್ರವೊಂದೂ ಅಲ್ಲಿ ಆರಂಭವಾಯಿತು. ಮಕ್ಕಳಿಗೆ ಮಲೇರಿಯ ಬಾರದಂತೆ ತಡೆಯುವ ಲಸಿಕೆಯ ಪರೀಕ್ಷೆಗಳು ನಡೆದ ಆಫ್ರಿಕದ ಸ್ಥಳಗಳಲ್ಲಿ ಲಾಂಬರೆನೆಯೂ ಒಂದು. ಆ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಸಮ್ಮತಿ ನೀಡಿತು.